ಗೆಳತಿ ಕೂತ ಮೇಲೆ

ಬಾಯಲ್ಲಿ ಪಿನ್ನುಗಳನ್ನು ಕಚ್ಚಿಕೊಂಡು ಜೀವಶಾಸ್ತ್ರದ ಟೀಚರು ಹುಡುಗಿಯರ ಬೆನ್ನಿಗೆ ನಂಬರಿನ ಬಟ್ಟೆ ಚುಚ್ಚುತ್ತಿದ್ದಳು. ಅದೇ ಶಾಲೆಯಲ್ಲಿ ಓದುವ ತನ್ನ ಮಗಳ ಸರದಿ ಬಂದಾಗ ಎರಡು ಪಿನ್ನು ಹೆಚ್ಚಿಗೆ ಚುಚ್ಚಿದಳು. ಬೇರೆ ಬೇರೆ ಬಗೆಯ ಶಾಲೆಗಳ ಮಕ್ಕಳಿಗೆ ಎಷ್ಟು ದಮ್ಮಿದೆ ಎಂದು ಅಳೆಯಲು ಆರೋಗ್ಯ ಇಲಾಖೆಯವರು ಬಂದಿದ್ದರು. ಅವರು ತಂದಿಟ್ಟ ಸದ್ದಿನ ಪೆಟ್ಟಿಗೆ 'ಪೀಂ' ಅನ್ನುವುದರೊಳಗೆ ಈ ಗೆರೆಯಿಂದ ಆ ಗೆರೆಗೆ ಓಡಿ ಮುಟ್ಟಬೇಕು, ತಪ್ಪಿದರೆ ಹೊರಗೆ. ಬರಬರುತ್ತ ಆ ಸದ್ದು ಬೇಗ ಬೇಗ ಬರುತ್ತದೆ. ಕೊನೆಗೆ ಉಳಿದವಳಿಗೆ ಓಟದ ತರಬೇತಿ ಶಿಬಿರದಲ್ಲಿ ಜಾಗ. ಮಗಳಿಗೆ ತಿಂಗಳಿಂದ ಅದೇ ಜಪ.

ಹೆಣ್ಣುಮಕ್ಕಳ ಈ ಶಾಲೆಯವರೂ ಕೈಕೆಲಸ ಕಲಿಸುವ ಶಾಲೆಯ ಹುಡುಗಿಯರೂ ಒಟ್ಟಿಗೇ ಓಡಿದರು. ಆ ಹುಡುಗಿಯರು ಒಬ್ಬೊಬ್ಬರೇ, ಉಸಿರು ಪೂರ್ತಿ ಬತ್ತಿದ ಮೇಲೆ, ನೆಲಕ್ಕೆ ಬೀಳುತ್ತಿದ್ದರು. ಈ ಶಾಲೆಯವರು ಮಾತ್ರ ಜೋಡಿ ಜೋಡಿಯಾಗಿ ಕೂತರು. ಒಬ್ಬಳು ನಿಂತರೆ ಅವಳ ಗೆಳತಿಯೂ ನಿಂತಳು. ಕೂತವರು ಆಗಲೇ ಹರಟೆ ಶುರು ಮಾಡಿದ್ದರು.

"ಇವರಿಗೆ ದಮ್ಮು ಕಮ್ಮಿಯಲ್ಲ ಮಿಸ್, ಸ್ನೇಹ ಜಾಸ್ತಿ" ಎಂದು ಡ್ರಿಲ್ ಮೇಷ್ಟ್ರು ಹಣೆ ಚಚ್ಚಿಕೊಂಡರು.

ಕೊನೆಗೆ ಉಳಿದವರು ಮೂವರು: ಕೈಕೆಲಸದ ಶಾಲೆಯ ಒಬ್ಬಳು ಉದ್ದನೆಯ ಹುಡುಗಿ, ಮಗಳು, ಮಗಳ ಜೀವದ ಗೆಳತಿ. ಸದ್ದು ಚುರುಕಾಯಿತು. ಗೆಳತಿ ಪಕ್ಕೆ ಹಿಡಿದು ಕುಸಿದಳು. ಮಗಳು ತಿರುಗಿ ನೋಡಿದಳು. ಅವಳ ಹೆಜ್ಜೆ ಸಣ್ಣದಾಯಿತು.

ಆ ಸಣ್ಣ ಹೆಜ್ಜೆ ತಾಯಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕ ಓದು ಬಿಟ್ಟಳೆಂದು ತಾನು ಮುಂದಿನ ಓದಿಗೆ ಹೋಗಲಿಲ್ಲ. ಜೊತೆಯ ಗಣಿತದ ಟೀಚರು ಅರ್ಜಿ ಹಾಕಲಿಲ್ಲವೆಂದು ಮುಖ್ಯೋಪಾಧ್ಯಾಯಿನಿಯ ಹುದ್ದೆಗೆ ತಾನೂ ಹಾಕಲಿಲ್ಲ. ಆಗೆಲ್ಲ ಅವಳಿಗೆ ಉಸಿರು ಬೇಕಾದಷ್ಟಿತ್ತು.

ತಾಯಿ ಚಪ್ಪಲಿ ಕಳಚಿ ಎಸೆದು, ಗೆಳತಿ ಬಿಟ್ಟುಹೋದ ಸಾಲಿಗೆ ನುಗ್ಗಿ ಮಗಳ ಪಕ್ಕ ಓಡಿದಳು.

"ಅಮ್ಮಾ, ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ನೀನು ಗೆರೆ ನೋಡು."

ನೆಲದ ಮೇಲಿಂದ ಗೆಳತಿಯೂ ಕಿರುಚಿದಳು: "ಏ ಕೋತಿ, ನಾನೇನು ಸತ್ತಿಲ್ಲ, ಓಡೇ!"

ಇಲಾಖೆಯವರು ಹೊರಗೆ ಬನ್ನಿ ಎಂದು ಕೂಗುವಷ್ಟರಲ್ಲಿ ತಾಯಿಯ ದಮ್ಮು ಮುಗಿದೇ ಹೋಗಿತ್ತು. ಮಂಡಿಗೆ ಕೈಯೂರಿ ಏದುಸಿರು ಬಿಡುತ್ತ ನಿಂತಳು. ಮಗಳು ಈ ಸಲ ತಿರುಗಿ ನೋಡಲಿಲ್ಲ. ತಾಯಿಗೆ ಅದೊಂದು ಕ್ಷಣ ಚುರುಕ್ಕೆಂದಿತು, ಮರುಕ್ಷಣ ಎದೆ ತುಂಬಿ ಬಂತು. ಮೈದಾನಕ್ಕೆ ಮೈದಾನವೇ ಎದ್ದು ನಿಂತಿತ್ತು. ಉದ್ದನೆಯ ಹುಡುಗಿಯ ಕಾಲು ಗೆರೆಗೆ ಒಂದು ಗೇಣು ದೂರವಿರುವಾಗ 'ಪೀಂ' ಎಂದಿತು. ಮಗಳ ಕಾಲು ಆಗಲೇ ಗೆರೆಯ ಮೇಲಿತ್ತು.

ಹುಡುಗಿಯರು ಮಗಳನ್ನು ಮುತ್ತಿಕೊಂಡರು. ನಿಮ್ಮ ಓಟವನ್ನೂ ಬರೆದುಕೊಳ್ಳಬೇಕಾ ಎಂದು ಮೇಷ್ಟ್ರು ತಮಾಷೆ ಮಾಡಿದರು, ಟೀಚರೂ ನಕ್ಕಳು. ಅದೇ ಗಣಿತದ ಟೀಚರು ನೀರು ತಂದುಕೊಟ್ಟು, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಬಾ ಕೂತ್ಕೋ ಎಂದು ತೋಳು ಹಿಡಿದಳು.

ಅವಳು ನೀರು ಕುಡಿದಳು, ಕೂರಲಿಲ್ಲ. ಖಾಲಿ ಇದ್ದ ಮುಖ್ಯೋಪಾಧ್ಯಾಯಿನಿಯ ಹುದ್ದೆಗೆ ಮತ್ತೆ ಅರ್ಜಿ ಕರೆದಿದ್ದರು. ಈ ಸಲ ಹಾಕುವುದು, ಯಾರು ಹಾಕಲಿ ಬಿಡಲಿ. ಹಾಗೆಂದುಕೊಂಡು ಹುಡುಗಿಯರ ಬೆನ್ನಿನ ನಂಬರು ಬಿಚ್ಚಲು ಹೊರಟಳು.