ಹಲ್ಲು ಡಾಕ್ಟರ ಗೋಡೆಯ ಕನ್ನಡಿ

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನನ್ನು ಎಲ್ಲರೂ ಉಜ್ಜಣ್ಣ ಎಂದೇ ಕರೆಯುತ್ತಿದ್ದರು. ದಿನವೂ ಕೆಲಸ ಮುಗಿದ ಮೇಲೆ, ಏಳು ತಿಂಗಳ ಕಾಲ, ಒಂದು ದಪ್ಪ ಗಾಜಿನ ಬಿಲ್ಲೆಯನ್ನು ಉಜ್ಜಿ ಉಜ್ಜಿ ಅವನು ದೂರದರ್ಶಕದ ಕನ್ನಡಿ ಮಾಡಿದ್ದ. "ನನ್ನ ಮುಖಾನೂ ಇಷ್ಟು ಹೊತ್ತು ನೋಡಿಲ್ಲ ನೀವು," ಎಂದು ಹೆಂಡತಿ ಮೂದಲಿಸಿದ್ದಳು. ಬೆಳ್ಳಿಯ ಲೇಪ ಹಾಕಿಸಿ ಅದನ್ನು ಊರಿನ ಆಕಾಶವೀಕ್ಷಕರ ಸಂಘದ ಅಧ್ಯಕ್ಷರಾದ ಹಲ್ಲು ಡಾಕ್ಟರಿಗೆ ಒಪ್ಪಿಸಿದ. ದೂರದರ್ಶಕದ ಕೊಳವೆ ಅವರ ಮಾಳಿಗೆಯಲ್ಲಿತ್ತು. ಕನ್ನಡಿ ಒಂದು ನಕ್ಷತ್ರವನ್ನು ಸರಿಯಾಗಿ ಹಿಡಿಯುತ್ತದೆಯೇ? ಅದಷ್ಟೇ ಅವನಿಗೆ ತಿಳಿಯಬೇಕಿತ್ತು.

ಸಂಘದ ಪ್ರದರ್ಶನದಲ್ಲಿ ಡಾಕ್ಟರು ನಕ್ಷತ್ರಗಳ ಒಂದು ದೊಡ್ಡ ಫೋಟೊ ತೋರಿಸಿ ಅವನ ಬೆನ್ನು ತಟ್ಟಿದರು. "ನೋಡಯ್ಯ, ನಿನ್ನ ಕನ್ನಡಿ ಕೈ ಕೊಡಲಿಲ್ಲ!" ಜನ ಚಪ್ಪಾಳೆ ಹೊಡೆದರು. ಉಜ್ಜಣ್ಣ ಹಲ್ಲು ಕಿರಿದು ಕೈ ಮುಗಿದ. ಆಮೇಲೆ ಹತ್ತಿರ ಹೋಗಿ ನಡುವಿನ ನಕ್ಷತ್ರದ ಸುತ್ತ ಚಾಚಿದ ಬೆಳಕಿನ ಮುಳ್ಳುಗಳನ್ನು ಎಣಿಸಿದ. ಹದಿನಾಲ್ಕು. ಡಾಕ್ಟರ ಕೊಳವೆಯೊಳಗೆ ಮೊದಲೇ ಇದ್ದ ಚಿಕ್ಕ ಕನ್ನಡಿಯನ್ನು ಹಿಡಿದಿದ್ದದ್ದು ಮೂರೇ ತೆಳು ಪಟ್ಟಿ. ಅದಕ್ಕೆ ಮೂಡಬೇಕಾದದ್ದು ಆರು ಮುಳ್ಳು. ಹದಿನಾಲ್ಕು ಮೂಡುವುದು ಬೆಳಕಿನ ಕಿಂಡಿಗೆ ಏಳು ಎಲೆಗಳಿರುವ ಕ್ಯಾಮೆರಾ ಲೆನ್ಸಿನಲ್ಲಿ. ಈ ಫೋಟೊ ತನ್ನ ಕನ್ನಡಿಯದಲ್ಲ.

ಮರುದಿನ ನೇರ ಡಾಕ್ಟರ ಕ್ಲಿನಿಕ್ಕಿಗೆ ಹೋದ. ಬಾಯಿ ಮುಕ್ಕಳಿಸುವ ಬೇಸಿನ್ನಿನ ಮೇಲೆ, ನಾಲ್ಕು ಕೊಕ್ಕೆಗಳ ನಡುವೆ, ಅವನ ಕನ್ನಡಿ ನೇತಾಡುತ್ತಿತ್ತು. ದಪ್ಪನೆಯ ಹೆಂಗಸೊಬ್ಬಳು ಅದರಲ್ಲಿ ತನ್ನ ದವಡೆ ಹಲ್ಲು ನೋಡಿಕೊಂಡು ಪಿಚಕ್ಕನೆ ಉಗುಳಿದಳು. ಗುಲಾಬಿ ಬಣ್ಣದ ಹನಿಗಳು ಬೆಳ್ಳಿಯ ಮೇಲೆ ಸಿಡಿದು ಜಾರಿದವು. ಅಂಚಿನಲ್ಲಿ ಹಳೆಯ ಎಂಜಲು ಒಣಗಿ ಹಳದಿಗಟ್ಟಿತ್ತು. ಯಾರೋ ಒರೆಸಲು ಹೋಗಿ ಲೇಪವನ್ನೇ ಕೆರೆದಿದ್ದರು.

"ಕೊಳವೆಗೆ ಜೋಡಿಸೋಕೆ ಪುರುಸೊತ್ತಾಗ್ಲಿಲ್ಲ ಕಣಯ್ಯ," ಎಂದರು ಡಾಕ್ಟರು. "ಸುಮ್ನೆ ಬಿದ್ದಿರೋದ್ಯಾಕೆ ಅಂತ ಹಾಕಿಸ್ದೆ. ಹಲ್ಲು ಎಷ್ಟು ದೊಡ್ಡದಾಗಿ ಕಾಣುತ್ತೆ ಗೊತ್ತಾ!"

"ಆ ಫೋಟೊ?"

"ನನ್ನ ಲೆನ್ಸಲ್ಲಿ ತೆಗ್ದಿದ್ದು. ನಿಂಗೂ ಖುಷಿಯಾಗ್ಲಿ ಅಂತ ಹಾಗಂದೆ. ಬೇಜಾರಾ?"

ಆ ಉಗುಳಿಗಿಂತ ಈ ಔದಾರ್ಯವೇ ಅವನಿಗೆ ಹೆಚ್ಚು ಹೇಸಿಗೆ ಹುಟ್ಟಿಸಿತು. ನಿನ್ನೆ ಎಲ್ಲರೆದುರು ತಾನು ಮುಗಿದ ಕೈಗಳು ನೆನಪಾದವು. ಕೊಕ್ಕೆ ಬಿಚ್ಚಿ ಕನ್ನಡಿ ಇಳಿಸಿದ.

"ಏಯ್, ಪೇಷಂಟು ಕೂತಿದಾರೆ!"

ಮನೆಯ ನಲ್ಲಿಯ ಕೆಳಗೆ ಒಣಗಿದ ಎಂಜಲಿನ ಜೊತೆ ಬೆಳ್ಳಿಯೂ ಚೂರು ಚೂರಾಗಿ ಎದ್ದುಹೋಯಿತು. ಉಳಿದ ಬರಿಗಾಜನ್ನು ಬೆಳಕಿಗೆ ಹಿಡಿದ. ಅದರ ಮೇಲೆ ಒಂದು ಗೀರೂ ಇರಲಿಲ್ಲ.

"ಮತ್ತೆ ಲೇಪ ಹಾಕಿಸ್ತೀನಿ. ಕೊಳವೆ ನಾನೇ ಮಾಡ್ಕೋತೀನಿ," ಎಂದ.

ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಮೊದ್ಲು ಸೋಪು ಹಾಕಿ ಕೈ ತೊಳ್ಕೊಳ್ಳಿ."