ದೋಣಿಯವಳ ಹದಿನೇಳು

ದಾಳ ಉರುಳಿ, ಪುಸ್ತಕದ ರಾಶಿಗೆ ಬಡಿದು, ಮೇಜಿನ ನಡುವೆ ಬಂದು ನಿಂತಿತು. ಮೇಲೆ ಬಂದದ್ದು ಎರಡು.

"ಎಷ್ಟಣ್ಣ?" ಎಂದಳು ತಂಗಿ.

"ಹದಿನೇಳು," ಎಂದ ಅಣ್ಣ.

ಎದುರಿಗೆ ಕೂತಿದ್ದ ಗುಳಿಗೆ ತಲೆ ತಗ್ಗಿಸಿ ತನ್ನ ಲೋಟದೊಳಗೆ ನೋಡಿಕೊಂಡ. ಲೋಟದಲ್ಲಿ ಚಹಾ ಮುಗಿದು ಬಹಳ ಹೊತ್ತಾಗಿತ್ತು. ಗುಳಿಗೆ ಎಂದರೆ ಬೀದಿ ಕೊನೆಯ ಔಷಧಿ ಅಂಗಡಿಯವನು. ಆ ಹೆಸರು ತಂಗಿ ಇಟ್ಟದ್ದು. ಈಗೀಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳಂತೆ. ಹದಿನೇಳು ಬಿದ್ದರೆ ಚಪ್ಪಾಳೆ ತಟ್ಟಿ, "ನನ್ನ ದೋಣಿಯವಳಿಗೆ ಆಯಸ್ಸು ಗಟ್ಟಿ ಕಣೋ ಗುಳಿಗೆ" ಎಂದು ಅವನನ್ನು ಉರಿಸುವುದು ತಂಗಿಯ ಪದ್ಧತಿ. ಇವತ್ತು ಚಪ್ಪಾಳೆ ಇಲ್ಲ.

ಏಳು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಈ ಮೂವರು ಈ ಮೇಜಿಗೆ ಕೂರುತ್ತಾರೆ. ತಲೆಕೂದಲು ನೆರೆತವರು ದಾಳ ಉರುಳಿಸಿಕೊಂಡು ಕೂರುವುದೇ ಎಂದು ಮೂಗು ಮುರಿಯುವವರು ಮುರಿಯಲಿ, ಅವರ ಮೂಗು ಅವರದು. ಆಟ ಇಷ್ಟೇ: ಅಣ್ಣ ಕಥೆ ಹೇಳುತ್ತಾನೆ, ತಾನೇ ಬರೆದ ನಕ್ಷೆ ಹರಡುತ್ತಾನೆ. ಆ ಕಥೆಯೊಳಗೆ ತಂಗಿ ಒಬ್ಬ ದೋಣಿಯವಳು, ಗುಳಿಗೆ ಒಬ್ಬ ಸಿಪಾಯಿ. ನದಿಗೆ ಹಾರುವುದೋ ಬಾಗಿಲು ಒಡೆಯುವುದೋ ಅವರೇ ನಿರ್ಧರಿಸಬೇಕು. ಹಾರಿದವರು ದಡ ಸೇರಿದರೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳಬೇಕು. ಹತ್ತರ ಮೇಲೆ ಬಿದ್ದರೆ ಬದುಕಿದ ಹಾಗೆ, ಕೆಳಗೆ ಬಿದ್ದರೆ ಗೋವಿಂದ. ಸಿಪಾಯಿ ಈವರೆಗೆ ನಾಲ್ಕು ಸಲ ಸತ್ತು, ನಾಲ್ಕು ಸಲವೂ ಬೇರೆ ಮೀಸೆ ಅಂಟಿಸಿಕೊಂಡು ಹುಟ್ಟಿದ್ದಾನೆ. ದೋಣಿಯವಳೂ ಮೊದಮೊದಲು ಕೈ ಮುರಿದುಕೊಂಡಿದ್ದಳು, ದೋಣಿ ಕಳೆದುಕೊಂಡಿದ್ದಳು. ಆದರೆ ಎರಡು ವರ್ಷದಿಂದೀಚೆಗೆ, ಅಂದರೆ ತಂಗಿಗೆ ದಾಳದ ಸಣ್ಣ ಅಂಕಿ ಕಾಣದೆ ಅಣ್ಣ ಓದಿ ಹೇಳತೊಡಗಿದ ಮೇಲೆ, ಅವಳ ಮೈಗೆ ಒಂದು ಗೀರೂ ಬಿದ್ದಿಲ್ಲ.

"ಬರ್ಕೊಂಡ್ಯಾ?" ಎಂದಳು ತಂಗಿ.

"ಬರ್ಕೊಂಡೆ."

ಅವನು ಆಟದ ಪುಸ್ತಕದಲ್ಲಿ ದಪ್ಪಗೆ 17 ಎಂದು ಬರೆದ. ಒಂದು ಕ್ಷಣ ಬಿಟ್ಟು ಪೆನ್ಸಿಲ್ಲು ಮತ್ತೆ ಕಾಗದದ ಮೇಲೆ ಸಣ್ಣಗೆ ಕೆರೆಯಿತು.

"ಇನ್ನೊಂದನ್ನೂ ಬರೆದ್ಯಾ?"

"ಇನ್ನೊಂದು ಯಾವುದು?"

"ಅಂಚಲ್ಲಿ ಬರಿಯೋದು. ಚಿಕ್ಕದಾಗಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಅಣ್ಣನ ಎಡಗೈ ತಾನಾಗಿಯೇ ಹೋಗಿ ಪುಟದ ಅಂಚನ್ನು ಮುಚ್ಚಿತು. ಅವಳಿಗೆ ಅದು ಕಾಣಲಿಲ್ಲ. ಗುಳಿಗೆಗೆ ಕಂಡಿತು.

ಅಣ್ಣನ ಉದ್ಯೋಗ ಕರಡು ತಿದ್ದುವುದು. ಶಾಲೆಯ ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವನು ತಪ್ಪು ಹೆಕ್ಕುತ್ತಿದ್ದಾನೆ. ತಂಗಿಯೂ ಕಣ್ಣು ಕೈಕೊಡುವ ತನಕ ಅಲ್ಲೇ ಇದ್ದಳು. ಅವಳು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ, ಪೂರ್ಣವಿರಾಮ, ಆವರಣ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತ. ಅವನು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ ಓಡಿಸುತ್ತ ಹೋಗಬೇಕು. ಅವಳ ಬಾಯಲ್ಲಿ ಬಂದದ್ದು ಕಾಗದದಲ್ಲಿ ಇದ್ದದ್ದೇ ಎಂಬುದರಲ್ಲಿ ಅವನಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಬಂದರೆ ಆ ಕೆಲಸ ನಡೆಯುವುದೇ ಇಲ್ಲ. ಪ್ರೆಸ್ಸಿನಲ್ಲಿ ಇನ್ನೊಂದು ಕಟ್ಟುನಿಟ್ಟು ಇತ್ತು: ತಪ್ಪನ್ನು ಅಳಿಸಬಾರದು. ಅದು ಇದ್ದಲ್ಲೇ ಇರಬೇಕು, ಸರಿಯಾದದ್ದನ್ನು ಪಕ್ಕದ ಅಂಚಿನಲ್ಲಿ ಬರೆಯಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಕಲಿತ ಗುಣವೂ ಅಷ್ಟೇ. ತಂಗಿಗೆ ಸುಳ್ಳು ಹೇಳಲು ಅವನ ಬಾಯಿ ಕಲಿಯಿತು, ಕೈ ಮಾತ್ರ ಕಲಿಯಲಿಲ್ಲ. ಹದಿನೇಳು ಎಂದು ಬರೆದಾಗಲೆಲ್ಲ ಬಿದ್ದ ನಿಜವಾದ ಅಂಕಿಯನ್ನು ಪಕ್ಕದಲ್ಲಿ ಇರುವೆ ಗಾತ್ರದಲ್ಲಿ ಗುರುತು ಹಾಕದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

"ನೀನು ಪ್ರೆಸ್ಸಿಗೆ ಹೋದ ಮೇಲೆ ಈ ಪುಸ್ತಕ ತೆಗೆದು ಓದ್ತೀನಿ," ಎಂದಳು ತಂಗಿ. "ದೋಣಿಯವಳು ಹೋದ ವಾರ ಎಲ್ಲಿದ್ಲು, ಅದಕ್ಕೂ ಮುಂಚೆ ಎಲ್ಲಿದ್ಲು ಅಂತ. ನಂಗೆ ಕಾಣ್ಲಿ ಅಂತ ನೀನೇ ದಪ್ಪಕ್ಷರದಲ್ಲಿ ಬರೀತೀಯ. ಭೂತಗನ್ನಡಿ ತಂದುಕೊಟ್ಟೋನು ಈ ಗುಳಿಗೆ. ಇಬ್ಬರಿಗೂ ಇಷ್ಟು ಹೊಳೀಲಿಲ್ವಾ? ಭೂತಗನ್ನಡಿ ದಪ್ಪಕ್ಷರ ಒಂದನ್ನೇ ಅಲ್ಲ, ಸಣ್ಣಕ್ಷರನೂ ದೊಡ್ಡದು ಮಾಡುತ್ತೆ."

ಗುಳಿಗೆ ಖಾಲಿ ಲೋಟ ಕೆಳಗಿಟ್ಟ.

"ಮೊದಲು ನಂಗೂ ಅರ್ಥ ಆಗ್ಲಿಲ್ಲ. ಹದಿನೇಳು, ಪಕ್ಕದಲ್ಲಿ ನಾಲ್ಕು. ಹದಿನೇಳು, ಪಕ್ಕದಲ್ಲಿ ಒಂದು. ಆಮೇಲೆ ಗೊತ್ತಾಯ್ತು. ಸುಳ್ಳಾದ್ರೂ ಒಂದು ಸಲ ಹದಿನೈದು ಅಂತ, ಒಂದು ಸಲ ಹತ್ತೊಂಬತ್ತು ಅಂತ ಹೇಳಬಾರದೇನೋ? ಎರಡು ವರ್ಷ ಹದಿನೇಳೇ ಹೇಳಿದೀಯಲ್ಲೋ ಅಣ್ಣ! ಅಷ್ಟು ದಡ್ಡಿ ಅಂತ ಅಂದ್ಕೊಂಡ್ಯಾ ನನ್ನ?"

"ಆಟ ತಾನೇ," ಎಂದ ಅಣ್ಣ. ಹೇಳಿದ ಮೇಲೆ, ಏಳು ವರ್ಷದಲ್ಲಿ ಆ ಮೇಜಿನಲ್ಲಿ ಆ ಮಾತು ಯಾರೂ ಆಡಿರಲಿಲ್ಲ ಎಂದು ಅವನಿಗೇ ನೆನಪಾಯಿತು.

"ಅಕ್ಕಾ," ಎಂದು ಗುಳಿಗೆ ನಡುವೆ ಬಾಯಿ ಹಾಕಿದ. "ನನ್ನ ಸಿಪಾಯಿ ಸತ್ರೆ ನಿಮಗೂ ನಗು, ನಂಗೂ ನಗು. ದೋಣಿಯವಳು ಸತ್ರೆ ಯಾರಿಗೆ ನಗು ಬರುತ್ತೆ ಹೇಳಿ? ಅದಕ್ಕೇ ಸುಮ್ನಿದ್ದೆ."

"ನೀನು ಬಾಯಿ ಮುಚ್ಕೊಂಡಿರೋ. ನಿನ್ನ ಸರದಿ ಬರುತ್ತೆ."

ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಮೇಜಿನ ಮೇಲೆ ಎರಡೂ ಕೈ ಇಟ್ಟು, ಅಣ್ಣನ ಮುಖ ಮಸುಕಾಗಿ ಕಂಡ ಕಡೆಗೆ ತಿರುಗಿದಳು.

"ಆಸ್ಪತ್ರೆ ಚೀಟೀಲೂ ಹದಿನೇಳೇ ಓದಿದ್ಯಾ?"

ಹನ್ನೊಂದು ತಿಂಗಳ ಹಿಂದಿನ ಮಾತು ಅದು. ಪರೀಕ್ಷೆಗೆಂದು ಅವತ್ತು ಅವಳ ಕಣ್ಣಿಗೆ ಹನಿ ಹಾಕಿದ್ದರು, ಎಲ್ಲವೂ ಮಂಜು ಮಂಜಾಗಿತ್ತು. ಡಾಕ್ಟರು ಅಣ್ಣನೊಬ್ಬನನ್ನೇ ಒಳಗೆ ಕರೆದು ಹೇಳಬೇಕಾದ್ದನ್ನು ಹೇಳಿ ಚೀಟಿ ಕೈಗಿಟ್ಟಿದ್ದರು. ಹೊರಗೆ ಬಂದರೆ ಉದ್ದನೆಯ ಬೆಂಚಿನ ಮೇಲೆ ಇವಳು ಕೈಚೀಲ ತಬ್ಬಿಕೊಂಡು ಕೂತಿದ್ದಳು. "ಏನ್ ಬರೆದಿದಾರೆ, ಓದು" ಎಂದಳು. ಅವನು ಓದಿದ. ಉಳಿದ ಎಡಗಣ್ಣಿಗೆ ಭಯವಿಲ್ಲ, ಹನಿ ತಪ್ಪದೆ ಹಾಕಬೇಕು, ಇದ್ದ ದೃಷ್ಟಿ ಇದ್ದ ಹಾಗೇ ಇರುತ್ತದೆ ಎಂದು, ಕಾಗದದಲ್ಲಿ ಇಲ್ಲದ್ದನ್ನೆಲ್ಲ ಒಂದೂ ತಡವರಿಸದೆ ಓದಿದ. ಅವಳು ಉಸಿರು ಬಿಟ್ಟು, "ಸದ್ಯ" ಎಂದಿದ್ದಳು. ಆ ಒಂದು ಪದ ಕೇಳುವ ಆಸೆಗೆ ಅವನು ಹಾಗೆ ಮಾಡಿದ. ಆಮೇಲೆ ನಿಜ ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಹನ್ನೊಂದು ತಿಂಗಳು ಹೋಯಿತು. ಹನಿಯ ಸೀಸೆ ಕೊಡುತ್ತಿದ್ದವನು ಗುಳಿಗೆ. ಔಷಧಿ ಅಂಗಡಿಯವನಿಗೆ ಚೀಟಿ ನೋಡಿದರೆ ಕಾಯಿಲೆ ಗೊತ್ತಾಗದೆ ಇರುತ್ತದೆಯೇ?

"ಚೀಟಿ ನಿನ್ನ ಪ್ರೆಸ್ಸಿನ ಚೀಲದಲ್ಲೇ ಇದೆ," ಎಂದಳು. "ಕಾಗದ ಹರಿದು ಹಾಕೋ ಜಾತಿ ಅಲ್ಲ ನೀನು. ನಾನೇ ಓದೋಣ ಅಂತ ನೋಡಿದೆ. ಡಾಕ್ಟರ ಅಕ್ಷರ, ಭೂತಗನ್ನಡಿಗೂ ಬಗ್ಗಲಿಲ್ಲ. ತಗೊಂಬಾ. ಪ್ರೆಸ್ಸಲ್ಲಿ ಓದೋ ಹಾಗೆ ಓದು. ಒಂದು ಅಲ್ಪವಿರಾಮನೂ ಬಿಡಬೇಡ."

ಅವನು ಎದ್ದು ಹೋಗಿ ತಂದ. ಮಡಿಕೆ ಬಿಚ್ಚಿದ. ಗುಳಿಗೆ ಹೊರಡಲೆಂದು ಅರ್ಧ ಎದ್ದವನು ಅವಳು "ಕೂತ್ಕೊ" ಎಂದ ಮೇಲೆ ಕೂತ.

"ಬಲಗಣ್ಣು, ಅಲ್ಪವಿರಾಮ, ದೃಷ್ಟಿ ಇಲ್ಲ, ಪೂರ್ಣವಿರಾಮ," ಎಂದು ಅಣ್ಣ ಓದಿದ. "ಎಡಗಣ್ಣಿನ ನರ ಒಣಗುತ್ತಿದೆ, ಪೂರ್ಣವಿರಾಮ. ಔಷಧಿಯಿಂದ ನಿಧಾನಿಸಬಹುದು, ಅಲ್ಪವಿರಾಮ, ನಿಲ್ಲಿಸಲಾಗುವುದಿಲ್ಲ, ಪೂರ್ಣವಿರಾಮ. ಓದುವ ದೃಷ್ಟಿ ಇನ್ನೊಂದು ವರ್ಷ, ಆವರಣದಲ್ಲಿ ಹೆಚ್ಚೆಂದರೆ ಒಂದೂವರೆ, ಆವರಣ ಮುಗಿಯಿತು."

"ಆಮೇಲೆ?"

"ಆಮೇಲೆ ರುಜು."

ಬೀದಿಯಲ್ಲಿ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ತಂಗಿ ಬೆರಳು ಮಡಿಚಿ ತಿಂಗಳು ಎಣಿಸಿದಳು, ಮತ್ತೆ ಬೆರಳು ಬಿಚ್ಚಿದಳು. ಅವಳು ಅಳುತ್ತಾಳೆಂದು ಇಬ್ಬರೂ ಕಾದರು. ಅವಳು ಅಳಲಿಲ್ಲ.

"ಬೀರು ಮೇಲೆ ಏನಿದೆ ಅಣ್ಣ?"

ಅವನು ನೋಡಬೇಕಾಗಿಯೇ ಇರಲಿಲ್ಲ. ಆ ಎರಡು ಕೋಣೆಯ ಮನೆಯಲ್ಲಿ ಪುಸ್ತಕ ಇಲ್ಲದ ಜಾಗ ಒಲೆಯೊಂದೇ. ಮಂಚದಡಿ, ಕಿಟಕಿಯಲ್ಲಿ, ಫ್ರಿಜ್ಜಿನ ಮೇಲೆ, ಎಲ್ಲೆಲ್ಲೂ ಅವೇ. ಅಣ್ಣ ತಂಗಿ ಇಬ್ಬರೂ ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ ತಂಗಿ, "ಬಂದವರನ್ನ ಎಲ್ಲಿ ಕೂರಿಸೋದು?" ಎನ್ನುತ್ತಿದ್ದಳು. ಬೀರುವಿನ ಮೇಲೆ ಮಾತ್ರ ಐದು ಸಂಪುಟದ ಒಂದೇ ಕಾದಂಬರಿ, ಅಂಗಡಿಯವನು ಕಟ್ಟಿಕೊಟ್ಟ ಕಾಗದವನ್ನೂ ಬಿಚ್ಚದೆ, ಹಾಗೇ ಇತ್ತು. ಅವಳು ಮೂವತ್ತು ವರ್ಷ ಆಸೆಪಟ್ಟು ಕೊಂಡದ್ದು.

"ಅದನ್ನ ಮುಂದಕ್ಕೆ ಅಂತ ಇಟ್ಟೆ," ಎಂದಳು. "ಕಣ್ಣು ಇದ್ದ ಹಾಗೇ ಇರುತ್ತೆ ಅಂದ್ಯಲ್ಲ. ಅವಸರ ಏನು, ನಿಧಾನಕ್ಕೆ ಶುರು ಮಾಡಿದ್ರಾಯ್ತು ಅಂದ್ಕೊಂಡೆ. ಈ ಹನ್ನೊಂದು ತಿಂಗಳು ನಾನು ಏನು ಓದ್ದೆ ಗೊತ್ತಾ? ಓದಿದ್ದನ್ನೇ ಓದ್ದೆ. ಚಿಕ್ಕಂದಿನಲ್ಲಿ ಓದಿದ್ದ ಪತ್ತೇದಾರಿ ಪುಸ್ತಕ, ಕೊಂದೋನು ಯಾರು ಅಂತ ಮೊದಲ ಪುಟದಲ್ಲೇ ಗೊತ್ತಿರೋದು, ಅದನ್ನ ಮತ್ತೆ ಓದ್ದೆ. ಈಗ ಒಂದು ಪುಟಕ್ಕೆ ಕಾಲು ಗಂಟೆ ಬೇಕು ನಂಗೆ. ಆ ಐದು ಸಂಪುಟ ಯಾವಾಗ ಮುಗಿಸ್ಲಿ? ನೀನೇ ಲೆಕ್ಕ ಹಾಕು."

"ನಾನು ಓದಿ ಹೇಳ್ತೀನಿ," ಎಂದ ಅಣ್ಣ. ಈ ಮಾತನ್ನು ಅವನು ಹನ್ನೊಂದು ತಿಂಗಳಿಂದ ಬಚ್ಚಿಟ್ಟುಕೊಂಡಿದ್ದ. ನಿಜ ಹೇಳುವ ದಿನ ಇದೊಂದನ್ನು ಅವಳ ಕೈಗಿಡಬಹುದು ಎಂದೇ ಧೈರ್ಯ ತಂದುಕೊಂಡಿದ್ದ. "ದಿನಾ ಸಂಜೆ ಪ್ರೆಸ್ಸಿಂದ ಬಂದು ಓದ್ತೀನಿ. ಐದೂ ಸಂಪುಟ. ನೀನು ನಂಗೆ ಎಷ್ಟು ವರ್ಷ ಓದಿದೀಯ, ಈಗ ನಾನು..."

"ನೀನಾ?" ಎಂದಳು ತಂಗಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವನಿಗೆ ಹೆದರಿಕೆಯಾಯಿತು. "ನೀನು ಓದಿದ್ದು ಅದರಲ್ಲಿ ಇರೋದೇ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಯಾರೋ ಸಾಯೋ ಪುಟ ಬಂತು ಅನ್ನು. ಅವರನ್ನ ಬದುಕಿಸಿಬಿಡ್ತೀಯ ನೀನು."

ಇಲ್ಲ ಹಾಗೆ ಮಾಡಲ್ಲ ಎಂದು ಅಣ್ಣ ಆಣೆ ಹಾಕಬಹುದಿತ್ತು. ಆಣೆ ಹಾಕುವುದೂ ಇದೇ ಬಾಯಿ. ಕಾಲಿಗೆ ಬೀಳಬಹುದಿತ್ತು, ಬಿದ್ದವನ ಮುಖ ಅವಳಿಗೆ ಕಾಣುವುದಿಲ್ಲ. ಸಾವಿರ ಪುಸ್ತಕ ಓದಿದವನು, ಏಳು ವರ್ಷ ಕಥೆ ಹೆಣೆದವನು, ಮುಂದಿನ ಒಂದು ಮಾತು ಏನೆಂದು ತಿಳಿಯದೆ ಚೀಟಿಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ಆಯ್ತು, ಆಟ ಮುಗಿಸೋಣ," ಎಂದಳು ತಂಗಿ. "ನಿಜವಾಗಿ ಎಷ್ಟು ಬಿದ್ದಿತ್ತು?"

"ಎರಡು."

"ಹಾಗಾದ್ರೆ ದೋಣಿ ಮಗುಚಿತು. ನನ್ನೋಳು ನೀರಲ್ಲಿದಾಳೆ. ನೀರಿಗೆ ಬಿದ್ದೋರಿಗೆ ಇನ್ನೊಂದು ಸಲ ಉರುಳಿಸೋ ಹಕ್ಕಿದೆ, ಅಲ್ವಾ? ಹತ್ತರ ಮೇಲೆ ಬಿದ್ರೆ ಮೇಲೆ ಬರ್ತಾಳೆ. ಇಲ್ದಿದ್ರೆ ಇಲ್ಲ. ಎರಡು ವರ್ಷ ಹೆಚ್ಚಿಗೇ ಬದುಕಿದಾಳೆ, ಪಾಪ."

ಅವಳು ಮೇಜಿನ ಮೇಲೆ ಕೈಯಾಡಿಸಿ ದಾಳ ಹುಡುಕಿ ಹಿಡಿದಳು. ಮುಷ್ಟಿಯಲ್ಲಿ ಕುಲುಕಿ, ಉರುಳಿಸಿದಳು. ಅಣ್ಣನಿಗೆ ಜೀವಮಾನದಲ್ಲೇ ಮೊದಲ ಸಲ ಚಿಕ್ಕ ಅಂಕಿ ಬೀಳಲಿ ಅನ್ನಿಸಿತು. ಮೂರು ಬೀಳಲಿ. ಒಂದೇ ಬೀಳಲಿ. ದೋಣಿಯವಳು ಮುಳುಗಲಿ, ಮುಳುಗಿದಳು ಎಂದು ಹೇಳಿ ತೋರಿಸುತ್ತೇನೆ. ದಾಳ ನಕ್ಷೆಯ ನದಿಯನ್ನು ದಾಟಿ, ಅದರ ಅಂಚಿಗೆ ಬಂದು, ಒಮ್ಮೆ ವಾಲಿ ನಿಂತಿತು.

ಹದಿನೇಳು.

ಗುಳಿಗೆ ಬಗ್ಗಿ ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡ.

"ಎಷ್ಟಣ್ಣ?"

ಕಡಿಮೆ ಹೇಳಿಬಿಡಲೇ ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿದ್ದು ನಿಜ. ಐದು ಎಂದರೆ ಅವಳು ನಂಬುತ್ತಾಳೆ. ಆದರೆ ಅದೂ ಸುಳ್ಳೇ.

"ಹದಿನೇಳು," ಎಂದ.

ತಂಗಿ ಈ ಸಲವೂ ಚಪ್ಪಾಳೆ ತಟ್ಟಲಿಲ್ಲ.

"ಹದಿನೇಳೇ ಅಕ್ಕಾ! ಈ ಸಲ ನಿಜವಾಗ್ಲೂ! ನನ್ನ ಮಕ್ಕಳಾಣೆ!" ಎಂದ ಗುಳಿಗೆ.

"ಆಗ ಎರಡು ಬಿದ್ದದ್ದನ್ನೂ ನೋಡಿ ಸುಮ್ನಿದ್ಯಲ್ಲೋ ನೀನು."

ಅವಳು ಕೈ ಚಾಚಿದಳು. ಅಣ್ಣ "ಎತ್ತಬೇಡ, ಹಾಗೇ..." ಅನ್ನುವಷ್ಟರಲ್ಲಿ ದಾಳ ಅವಳ ಬೆರಳಲ್ಲಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ಒಂದು ಮುಖ ನೋಡಿದಳು, ತಿರುಗಿಸಿ ಇನ್ನೊಂದು ನೋಡಿದಳು, ಮತ್ತೊಂದು. ಯಾವ ಮುಖ ಮೇಲಿತ್ತೆಂದು ದಾಳ ಕೈಗೆ ಬಂದ ಮೇಲೆ ಹೇಳುವುದು ಹೇಗೆ? ಕೊನೆಗೆ ಅದನ್ನು ಅವನ ಮುಂದೆ ಇಟ್ಟಳು.

"ಬರ್ಕೋ."

ಅಣ್ಣ ಪುಸ್ತಕ ಹತ್ತಿರಕ್ಕೆ ಎಳೆದುಕೊಂಡು 17 ಎಂದು ಬರೆದ. ಪಕ್ಕದ ಅಂಚು ಖಾಲಿ ಇತ್ತು. ಅಲ್ಲಿ ಬರೆಯುವುದು ಏನೂ ಇರಲಿಲ್ಲ. ಪೆನ್ಸಿಲ್ಲನ್ನು ಸದ್ದಾಗುವ ಹಾಗೆ ಮೇಜಿನ ಮೇಲಿಟ್ಟು, ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ.

ತಂಗಿ ತಲೆ ವಾಲಿಸಿ, ಕಿವಿಯನ್ನು ಪುಸ್ತಕದ ಕಡೆಗೇ ಇಟ್ಟು, ಪೆನ್ಸಿಲ್ಲು ಎರಡನೆಯ ಸಲ ಕೆರೆಯುವ ಸದ್ದಿಗೆ ಕಾಯುತ್ತ ಕೂತಿದ್ದಳು.