ದುಂಡವ್ವ ಕಟ್ಟಿದ ಗಂಟು

ಗಡಹಿಂಗ್ಲಜ ಹತ್ತಿರದ ಆ ಊರಲ್ಲಿ ಬೇಸಿಗೆ ಬಂತೆಂದರೆ ಕುರಿಯವರೆಲ್ಲ ಸೊಪ್ಪು ಕಡಿಯಲು ಮರ ಏರುತ್ತಾರೆ. ನೆಲದಲ್ಲಿ ಹುಲ್ಲು ಒಣಗಿರುತ್ತದೆ, ಹಸಿರು ಇರುವುದು ಮರದ ತುದಿಯಲ್ಲಿ. ಹೆಗಲಿಗೆ ಕೊಡಲಿ, ಬರಿಗಾಲು. ಯಾರಾದರೂ ಬಿದ್ದರೆ ನಾಲ್ಕು ಜನ ಕೂಡಿ ಹಣೆಬರಹ ಎಂದು ಹೇಳಿ ಎದ್ದು ಹೋಗುತ್ತಾರೆ.

ಧೋಂಡಿಬಾ ಬಿದ್ದು ಎರಡು ವರ್ಷವಾಯಿತು. ಪಾಪ, ಅವನು ಹಾಗೇ ಏರಿರಲಿಲ್ಲ. ಆಲದ ಮರ ಭಾರಿ ಎತ್ತರ ಎಂದು ಹೆಂಡತಿ ದುಂಡವ್ವ ತಾನೇ ಅವನ ಸೊಂಟಕ್ಕೆ ಹಗ್ಗ ಕಟ್ಟಿ ಕಳಿಸಿದ್ದಳು. ಕಾಲು ಜಾರಿತು. ಹಗ್ಗ ಕೊಂಬೆಯಲ್ಲೇ ಉಳಿಯಿತು, ಗಂಡ ನೆಲಕ್ಕೆ ಬಂದ. ತೊಡೆಯ ಎಲುಬು ಮುರಿದು ಇಂದಿಗೂ ಕುಂಟುತ್ತಾನೆ. ಅಂದೇ ದುಂಡವ್ವನಿಗೆ ಹಗ್ಗದ ಮೇಲಿನ ನಂಬಿಕೆ ಹೋಯಿತು. ಮರ ಏರುವ ಕೆಲಸ ಹದಿನಾಲ್ಕು ವರ್ಷದ ಮಗಳು ಕಾಜಲಳ ಪಾಲಿಗೆ ಬಂತು.

ಒಂದು ಸಂಜೆ ಶಾಲೆಯ ಶಿಕ್ಷಕಿ ನೂತನ ಬಾಯಿ ಇವರ ಮನೆಗೆ ಬಂದರು. ಊರ ಜೈನರ ಮನೆಯವರು. ಅವರ ಹೊಲದಲ್ಲೇ ವರ್ಷವೂ ಇವರ ಕುರಿ ನಿಲ್ಲುವುದು.

"ದುಂಡವ್ವಾ, ಕೊಲ್ಹಾಪುರದಾಗ ಒಂದು ದೊಡ್ಡ ಹಾಲ್ ಐತಿ. ಅದರೊಳಗ ಬಂಡೆಗಲ್ಲು ಏರಿದಾಂಗ ಗ್ವಾಡಿ ಏರೂದು ಕಲಸ್ತಾರ. ನಮ್ಮ ಸಾಳ್ಯಾಗಿಂದ ಕಾಜಲನ್ನ ಆರಿಸೇವಿ. ಕಳಸ್ರಿ."

"ಗ್ವಾಡಿ ಯಾಕ ಏರಬೇಕ್ರಿ ಬಾಯಾರ? ಆ ಹಾಲಿಗೆ ಬಾಗಲಾ ಇಲ್ಲೇನು?"

ಕಾಜಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನೂತನ ಬಾಯಿಯೂ ನಕ್ಕರು.

"ಆಟ ಐತ್ರಿ ಅದು. ಹಗ್ಗ ಇರತೈತಿ, ಹೆಲ್ಮೆಟ್ ಇರತೈತಿ, ಕೆಳಗ ಗಾದಿ ಹಾಸಿರ್ತಾರ."

"ಹಗ್ಗದ ಸುದ್ದಿ ನನ್ನ ಮುಂದ ಹೇಳಬ್ಯಾಡ್ರಿ. ಹಗ್ಗ ನಂಬೇ ಇವ್ರ ಕಾಲ ಮುರದೈತಿ."

"ನಿನ್ನಿ ಕಾಜಲ ಬೇವಿನ ಗಿಡದ ತುದ್ಯಾಗ ಇದ್ದಳು. ಅಲ್ಲಿ ಹಗ್ಗ, ಗಾದಿ ಏನಿತ್ರಿ?"

"ಅದು ಕೆಲಸರಿ."

"ಕೆಲಸಕ್ಕ ಏರಿದಾಕಿ ಯಾರು, ಆಟಕ್ಕ ಏರಿದಾಕಿ ಯಾರು ಅಂತ ನೆಲಕ್ಕೇನ ಗೊತ್ತಾಗತೈತ್ರಿ?"

ಹೊರಸಿನ ಮೇಲೆ ಕೂತಿದ್ದ ಧೋಂಡಿಬಾ ಹೇಳಿದ: "ನೀನೂ ಹೋಗಿ ಕಣ್ಣಾರೆ ನೋಡು. ಖಾತ್ರಿ ಆತಂದ್ರ ಮಗಳು ಕಲೀಲಿ. ಆಗಲಿಲ್ಲಂದ್ರ ಕರಕೊಂಡು ಬಾ. ಮತ್ತ ಆ ಮಾತು ತಗಿಯೂದು ಬ್ಯಾಡ."

ಭಾನುವಾರ ತಾಯಿ ಮಗಳು ಎಸ್ಟಿ ಬಸ್ಸು ಹತ್ತಿದರು. ಕಾಗಲ ದಾಟುವವರೆಗೂ ಕಾಜಲ ಅವ್ವನ ಮುಖವನ್ನೇ ನೋಡುತ್ತಿದ್ದಳು. ಅವ್ವ ಒಮ್ಮೆ ಬೇಡ ಎಂದರೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು.

ಹಾಲಿನ ಒಳಗೆ ಕಾಲಿಟ್ಟ ದುಂಡವ್ವ ನಿಂತಲ್ಲೇ ನಿಂತಳು. ಗೋಡೆ ಏರುತ್ತ ಏರುತ್ತ ಮೇಲಿನ ತಗಡಿನವರೆಗೆ ಹೋಗಿತ್ತು. ನೋಡಲು ಕತ್ತೆತ್ತಿದರೆ ಸೆರಗು ಜಾರಿತು. ಗೋಡೆಯ ತುಂಬ ಕೆಂಪು, ಹಳದಿ, ನೀಲಿ ಹಿಡಿಕೆಗಳು. ತುದಿಯಲ್ಲಿ ಯಾರದೋ ಮಗಳು. ನೋಡುತ್ತಿದ್ದಂತೆ ಆ ಹುಡುಗಿ ಎರಡೂ ಕೈ ಬಿಟ್ಟಳು!

"ಯವ್ವಾ!" ಎಂದು ದುಂಡವ್ವ ಚೀರಿದಳು. ಹುಡುಗಿ ಬೀಳಲಿಲ್ಲ. ಗಾಳಿಯಲ್ಲೇ ಕೂತು, ನಗುತ್ತ, ಮೆಲ್ಲಗೆ ಇಳಿದಳು. ಮನುಷ್ಯರು ಹೀಗೂ ಇಳಿಯಬಹುದೇ?

ಕಲಿಸುವವಳು ಪ್ರಾಜಕ್ತಾ, ಇಪ್ಪತ್ತೈದರ ಹುಡುಗಿ. ಕಾಜಲಳಿಗೆ ಸೊಂಟಪಟ್ಟಿ ತೊಡಿಸಿ, ಅದಕ್ಕೆ ಹಗ್ಗ ಕಟ್ಟಿ, ಹೆಲ್ಮೆಟ್ ತರಲು ಹೋದಳು. ದುಂಡವ್ವ ಮಗಳ ಹತ್ತಿರ ಬಂದಳು. ಈ ಪೇಟೆಯ ಹುಡುಗಿ ಕಟ್ಟಿದ್ದನ್ನು ನಂಬುವುದು ಹೇಗೆ? ಸರಸರನೆ ಬಿಚ್ಚಿ, ತಾನು ಸಣ್ಣವಳಿದ್ದಾಗಿನಿಂದ ಕಟ್ಟುತ್ತ ಬಂದ ಗಂಟನ್ನು ಬಿಗಿಯಾಗಿ ಕಟ್ಟಿದಳು. ಆಗ ಸಮಾಧಾನವಾಯಿತು.

ಪ್ರಾಜಕ್ತಾ ಬಂದು, ಏರುವ ಮುನ್ನ ಮತ್ತೊಮ್ಮೆ ಗಂಟು ನೋಡಿದಳು. ಹುಬ್ಬು ಗಂಟಿಕ್ಕಿ ಹಗ್ಗದ ತುದಿ ಹಿಡಿದು ಒಮ್ಮೆ ಜಗ್ಗಿದಳು. ಗಂಟು ಬಿಚ್ಚಿ ಹಗ್ಗ ಗಾದಿಯ ಮೇಲೆ ಬಿತ್ತು.

"ಇದನ್ನ ಯಾರು ಕಟ್ಟಿದ್ರಿ?"

"ನಾನ ರೀ. ಮರಿ ಕಟ್ಟೋ ಗಂಟು. ತೋಳ ಬಂತಂದ್ರ ಒಂದ ಜಗ್ಗಿಗೆ ಬಿಚ್ಚಿ ಮರಿ ಎತಗೊಂಡು ಓಡಬೇಕಲ್ರಿ..."

ಹೇಳುತ್ತಿದ್ದಂತೆ ಅವಳಿಗೆ ಹೊಳೆಯಿತು. ಆಲದ ಮರ ಏರಿದ ದಿನವೂ ಗಂಡನ ಸೊಂಟಕ್ಕೆ ಕಟ್ಟಿದ್ದು ಇದೇ ಗಂಟು. ತುದಿ ಯಾವುದೋ ಟೊಂಗೆಗೆ ಸಿಕ್ಕಿ ಜಗ್ಗಿರಬೇಕು. ಎರಡು ವರ್ಷ ಹಗ್ಗವನ್ನು ಬೈದಿದ್ದಳಲ್ಲ! ಅವಳ ಕಣ್ಣು ತುಂಬಿತು.

"ಘಾಬರಿ ಆಗಬ್ಯಾಡ್ರಿ ಮಾವಶಿ," ಎಂದಳು ಪ್ರಾಜಕ್ತಾ. "ನಾನೂ ತಪ್ಪಬಹುದು. ಅದಕ್ಕ ಇಲ್ಲಿ ಒಬ್ಬರು ಕಟ್ಟಿದ್ದನ್ನ ಇನ್ನೊಬ್ಬರು ನೋಡದ ಹೊರತು ಯಾರೂ ಏರೂದಿಲ್ಲ. ಬರ್ರಿ, ನಿಮಗೂ ಕಲಸ್ತೀನಿ."

ಇಂಗ್ಲಿಷಿನ ಎಂಟರ ಆಕಾರದ ಗಂಟು. ದುಂಡವ್ವ ಮೂರು ಸಲ ತಪ್ಪಿದಳು, ನಾಲ್ಕನೆಯ ಸಲ ಸರಿಯಾಯಿತು. ಪ್ರಾಜಕ್ತಾ ತಾನೇ ಮತ್ತೆ ಕಟ್ಟಿ, ದುಂಡವ್ವನ ಕಣ್ಣಿಗೆ ತೋರಿಸಿ, ಮೇಲಿನ ಕೊಂಡಿಯಿಂದ ಇಳಿದು ಬಂದ ಹಗ್ಗದ ಇನ್ನೊಂದು ತುದಿ ಹಿಡಿದು ಕೆಳಗೆ ನಿಂತಳು. ಕಾಜಲ ಏರಿದಳು. ತುದಿಗೆ ಒಂದು ಮಾರು ಇರುವಾಗ ಕಾಲು ಜಾರಿತು. ದುಂಡವ್ವ ಉಸಿರು ಹಿಡಿದಳು. ಹಗ್ಗವೂ ಕಾಜಲಳನ್ನು ಹಿಡಿದಿತ್ತು. ಮಗಳು ಒಮ್ಮೆ ತೂಗಾಡಿ, ಮತ್ತೆ ಹಿಡಿಕೆ ಹಿಡಿದು, ಕೊನೆ ಮುಟ್ಟಿ ಬಂದಳು. ಆ ಮುಖದ ಬೆಳಕನ್ನು ಅವ್ವ ಮರದ ಮೇಲೆ ಒಂದು ದಿನವೂ ಕಂಡಿರಲಿಲ್ಲ.

"ಅವ್ವಾ, ಈಗ ನೀ ಏರು."

ಎಲ್ಲರೂ ನಕ್ಕರು. ಕಚ್ಚೆ ಸೀರೆಯ ದುಂಡವ್ವ ಮಾತ್ರ ನಗಲಿಲ್ಲ. ಸೊಂಟಪಟ್ಟಿ ತೊಟ್ಟು, ಹೆಲ್ಮೆಟ್ ಹಾಕಿದಳು. ಪ್ರಾಜಕ್ತಾ ಕಟ್ಟಿದ ಗಂಟನ್ನು ಕಾಜಲ ಬೆರಳಿಟ್ಟು ನೋಡಿದಳು. ಹತ್ತಡಿ ಏರುವಷ್ಟರಲ್ಲಿ ತೋಳು ಸೋತವು. ಅಲ್ಲಿ ಕಣ್ಣು ಮುಚ್ಚಿ, ದುಂಡವ್ವ ಎರಡೂ ಕೈ ಬಿಟ್ಟಳು.

ಹಗ್ಗ ಹಿಡಿಯಿತು.

ಮನೆಗೆ ಬಂದವಳೇ ಗಂಡನ ಮುಂದೆ ಕೂತಳು. "ತಪ್ಪು ಹಗ್ಗದ್ದಲ್ರಿ. ನಾ ಕಟ್ಟಿದ ಗಂಟಿಂದು."

"ಬಿದ್ದ ದಿನಾನ ಗೊತ್ತಾಗಿತ್ತು," ಎಂದ ಧೋಂಡಿಬಾ. "ಹೇಳಿದ್ರ ನೀ ಊಟ ಬಿಡ್ತಿದ್ದಿ. ಅದಿರಲಿ, ಮಗಳು ಏರಿದಳೇನು?"

"ಏರಿದಳ್ರಿ. ನಾನೂ ಏರೀನಿ!"

ಈಗ ಕಾಜಲ ಪ್ರತಿ ಭಾನುವಾರ ಕೊಲ್ಹಾಪುರಕ್ಕೆ ಹೋಗುತ್ತಾಳೆ. ಆ ಮನೆಯಲ್ಲಿ ಮರ ಏರುವುದು ನಿಂತಿದೆ. ಉದ್ದ ಬಿದಿರಿನ ತುದಿಗೆ ಕುಡಗೋಲು ಕಟ್ಟಿ, ನೆಲದ ಮೇಲೆ ನಿಂತೇ ಸೊಪ್ಪು ಇಳಿಸುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗಳು ಏರುತ್ತೇನೆ ಎಂದರೆ ಕಾಲು ಹಿಡಿದು ಎಳೆಯಬೇಡಿ. ಕಲಿಸುವವರ ಹತ್ತಿರ ಕಳಿಸಿ, ಜೊತೆಗೆ ಹೋಗಿ ನೋಡಿ. ಸರಿಯಾದ ಗಂಟು ಗೊತ್ತಿಲ್ಲದೆ ಹಗ್ಗ ಕಟ್ಟಿ ಯಾರನ್ನೂ ಮೇಲೆ ಕಳಿಸಬೇಡಿ. ಗಂಟು ಯಾರೇ ಕಟ್ಟಿರಲಿ, ಏರುವ ಮುನ್ನ ಇನ್ನೊಬ್ಬ ತಿಳಿದವರ ಕಣ್ಣಿಗೆ ತೋರಿಸಿ. ಅದಕ್ಕೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಅಂದು ಆಲದ ಮರದ ಕೆಳಗೆ ಸಿಕ್ಕಿದ್ದರೆ, ಧೋಂಡಿಬಾ ಇಂದು ನೆಟ್ಟಗೆ ನಡೆಯುತ್ತಿದ್ದ.